ಸೆಟಲ್‌ಮೆಂಟ್ ನಿಲ್ಲುವ ಮೊದಲೇ ಮಾಡಿಕೊಳ್ಳಬೇಕಾದ ಕೆಲಸಗಳು

ನಿಮ್ಮದೇ ಆ್ಯಪ್, ಸಾಫ್ಟ್‌ವೇರ್ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದರೆ, ಗ್ರಾಹಕರು ಕಟ್ಟಿದ ಹಣ ನೇರವಾಗಿ ನಿಮ್ಮ ಖಾತೆಗೆ ಬರುವುದಿಲ್ಲ. ಮೊದಲು ಪೇಮೆಂಟ್ ಅಗ್ರಿಗೇಟರ್‌ನ (ವ್ಯಾಪಾರಿಗಳ ಪರವಾಗಿ ಪಾವತಿ ಪಡೆಯುವ ಕಂಪನಿ; ಮುಂದೆ ಗೇಟ್‌ವೇ ಎಂದಿರುವುದೂ ಇದನ್ನೇ) ಎಸ್ಕ್ರೋ ಖಾತೆಗೆ, ಅಂದರೆ ವ್ಯಾಪಾರಿಗಳ ಹಣವನ್ನು ಬೇರೆಯಾಗಿ ಇಡುವ ಖಾತೆಗೆ ಹೋಗಿ, ಅಲ್ಲಿಂದ ಸಾಮಾನ್ಯವಾಗಿ ಒಂದೆರಡು ಕೆಲಸದ ದಿನಗಳಲ್ಲಿ ನಿಮಗೆ ಸೆಟಲ್ (ಜಮಾ) ಆಗುತ್ತದೆ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಈ ವ್ಯವಸ್ಥೆಯನ್ನು ನಿಯಮಕ್ಕೆ ತಂದಿತು. ವ್ಯಾಪಾರಿಯ ಹಿನ್ನೆಲೆ ಪರಿಶೀಲಿಸುವ ಹೊಣೆಯನ್ನೂ ಅಗ್ರಿಗೇಟರ್ ಮೇಲೆಯೇ ಹಾಕಿತು. ಹಾಗಾಗಿ ನಿಮ್ಮ ಹಣ ತಡೆಹಿಡಿಯುವವರು ನಿಮ್ಮ ಆ್ಯಪ್ ಬಳಸಿ ನೋಡಿದವರೇ ಆಗಿರಬೇಕೆಂದಿಲ್ಲ. ಅವರ ಮುಂದಿರುವುದು ನಿಮ್ಮ ಕಾಗದಪತ್ರ, ವೆಬ್‌ಸೈಟ್ ಮತ್ತು ವಹಿವಾಟಿನ ಪಟ್ಟಿ. ಈ ಮೂರೂ ಒಂದೇ ಮಾತು ಹೇಳುವಂತೆ ನೋಡಿಕೊಂಡರೆ ಅರ್ಧ ತಾಪತ್ರಯ ಅಲ್ಲೇ ಮುಗಿಯಿತು.

ಹೆಸರು, ವಿಳಾಸ

ನಮ್ಮ ಕಡೆ ಗೇಟ್‌ವೇ ಖಾತೆಯ ಅರ್ಜಿ ವಾಪಸ್ ಬರುವುದಕ್ಕೆ ದೊಡ್ಡ ಕಾರಣ ಇನಿಶಿಯಲ್. ಪ್ಯಾನ್‌ನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಬಿಡಿಸಿ ಬರೆದಿರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ಇನಿಶಿಯಲ್ ಇರುತ್ತದೆ. ಗೇಟ್‌ವೇ ನಿಮ್ಮ ಖಾತೆಗೆ 1 ರೂಪಾಯಿ ಹಾಕಿ, ಬ್ಯಾಂಕ್ ತೋರಿಸುವ ಹೆಸರನ್ನು ಪ್ಯಾನ್ ಜತೆ ತಾಳೆ ನೋಡುತ್ತದೆ. ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲು ಬ್ಯಾಂಕ್ ಶಾಖೆಗೆ ಹೋಗಿ ಹೆಸರು ಪ್ಯಾನ್‌ನಂತೆ ತಿದ್ದಿಸಿ, ಆಮೇಲೆ ಅರ್ಜಿ ಹಾಕಿ.

ವ್ಯಾಪಾರದ ಹೆಸರಿನಲ್ಲಿ ಕರೆಂಟ್ ಅಕೌಂಟ್ ಬೇಕಿದ್ದರೆ ಎರಡು ದಾಖಲೆ ಕೇಳುತ್ತಾರೆ. ಒಂದು, ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ. ಅದಕ್ಕೆ ಕಾಸು ಖರ್ಚಿಲ್ಲ, ಆಧಾರ್ ಮತ್ತು ಪ್ಯಾನ್ ಸಾಕು. ಇದಕ್ಕೆ ದುಡ್ಡು ಕೇಳುವ ಸೈಟುಗಳು ಸರ್ಕಾರದ್ದಲ್ಲ. ಇನ್ನೊಂದು ಜಿಎಸ್‌ಟಿ ಪ್ರಮಾಣಪತ್ರ ಆಗಬಹುದು, ಇಲ್ಲವೇ ಕಾರ್ಮಿಕ ಇಲಾಖೆಯ ಇ-ಕಾರ್ಮಿಕ ತಾಣದಲ್ಲಿ ಪಡೆಯುವ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೋಂದಣಿ ಆಗಬಹುದು. ಬಾಡಿಗೆ ಮನೆಯಾದರೆ ಕರಾರು ಪತ್ರ, ಓನರ್ ಹೆಸರಿನ ಬೆಸ್ಕಾಂ ಬಿಲ್, ಓನರ್ ಸಹಿ ಹಾಕಿದ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಇಟ್ಟುಕೊಳ್ಳಿ. ಮನೆಯ ಮೀಟರ್ ಕಮರ್ಷಿಯಲ್ ಆಗಿಬಿಡುತ್ತದೆಂಬ ಭಯಕ್ಕೆ ಓನರ್‌ಗಳು ಸಹಿ ಹಾಕಲು ಹಿಂಜರಿಯುತ್ತಾರೆ. ಬೋರ್ಡ್ ಹಾಕುವುದಿಲ್ಲ, ಗ್ರಾಹಕರು ಬರುವುದಿಲ್ಲ, ಕಂಪ್ಯೂಟರ್ ಕೆಲಸ ಮಾತ್ರ ಎಂದು ಎನ್‌ಒಸಿಯಲ್ಲೇ ಬರೆದುಕೊಟ್ಟರೆ ಮಾತು ಸಲೀಸಾಗುತ್ತದೆ.

ಇಷ್ಟೆಲ್ಲ ಯಾಕೆ, ನನ್ನ ಸ್ವಂತ ಕ್ಯುಆರ್ ಕೋಡ್ ಹಾಕಿದರಾಯಿತು ಅಂದುಕೊಳ್ಳಬೇಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ ನೋಟಿಸಿಗೆ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರು ಎಷ್ಟು ಕಂಗಾಲಾದರೆಂಬುದು ಎಲ್ಲರಿಗೂ ನೆನಪಿದೆ. ಸೇವೆ ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ಮನೆ ಹಣ, ಆ್ಯಪ್ ಹಣ ಒಂದೇ ಖಾತೆಯಲ್ಲಿ ಕಲಸಿಹೋದರೆ ಯಾವುದು ವ್ಯಾಪಾರದ್ದು ಎಂದು ಆಮೇಲೆ ತೋರಿಸುವುದು ಬಲು ಕಷ್ಟ.

ವೆಬ್‌ಸೈಟ್‌ನಲ್ಲಿ ಏನು ನೋಡುತ್ತಾರೆ

ನಿಯಮ ಮತ್ತು ಷರತ್ತು, ಪ್ರೈವಸಿ, ರೀಫಂಡ್, ಡೆಲಿವರಿ, ಸಂಪರ್ಕ: ಈ ಐದೂ ಪುಟ ಲಾಗಿನ್ ಇಲ್ಲದೆ ತೆರೆಯಬೇಕು. ಡೌನ್‌ಲೋಡ್ ಕೊಡುವವರೂ ಡೆಲಿವರಿ ಪುಟ ಬಿಡಬಾರದು. "ಹಣ ಕಟ್ಟಿದ ಕೂಡಲೇ ಲೈಸೆನ್ಸ್ ಕೀ ಇಮೇಲ್‌ಗೆ ಬರುತ್ತದೆ" ಎಂಬ ಒಂದು ಸಾಲು ಸಾಕು. ರೀಫಂಡ್ ಪುಟದಲ್ಲಿ ದಿನದ ಲೆಕ್ಕ ಇರಲಿ: ಎಷ್ಟು ದಿನದೊಳಗೆ ಕೇಳಬೇಕು, ಕೇಳಿದ ಎಷ್ಟು ದಿನಕ್ಕೆ ಮರಳಿಸುತ್ತೀರಿ. ಬೆಲೆ ರೂಪಾಯಿಯಲ್ಲಿ ಕಾಣಬೇಕು. ಆ್ಯಪ್ ಲಾಗಿನ್ ಕೇಳುವುದಾದರೆ ಪರೀಕ್ಷೆಗೊಂದು ಐಡಿ, ಪಾಸ್‌ವರ್ಡ್ ಅರ್ಜಿಯಲ್ಲೇ ಕೊಡಿ.

ಗೇಮ್ ಮಾಡುವವರು ಇನ್ನೂ ಹುಷಾರಾಗಿರಬೇಕು. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿದೆ, ಅಂಥ ಆಟಕ್ಕೆ ಪಾವತಿ ನಡೆಸಿಕೊಡುವುದೂ ನಿಷಿದ್ಧ. ನಿಮ್ಮದು ಮಕ್ಕಳ ಪದಬಂಧವೇ ಆಗಿರಬಹುದು, ಆದರೆ "ಕಾಯಿನ್", "ವಾಲೆಟ್" ಎಂಬ ಮಾತು ಕಂಡರೆ ಪ್ರಶ್ನೆ ಏಳಬಹುದು. ಕಾಯಿನ್‌ಗಳನ್ನು ಮತ್ತೆ ಹಣವಾಗಿಸಲು ಆಗುವುದಿಲ್ಲ ಎಂದು ಬೆಲೆಯ ಪಕ್ಕದಲ್ಲೇ ಬರೆಯಿರಿ.

ನಿಮ್ಮ ಎಪಿಐ ಕೀಯನ್ನು (ನಿಮ್ಮ ಸೈಟ್ ಗೇಟ್‌ವೇ ಜತೆ ಮಾತಾಡಲು ಬಳಸುವ ಗುರುತಿನ ಕೀ) ಕ್ಲೈಂಟ್‌ನ ಸೈಟ್‌ಗೆ ಎರವಲು ಕೊಡಬೇಡಿ. "ಒಂದು ವಾರ ಮಟ್ಟಿಗೆ, ನಮ್ಮದು ಅಪ್ರೂವ್ ಆಗುವ ತನಕ" ಎಂದು ಕೇಳುತ್ತಾರೆ. ನೋಂದಾಯಿಸದ ವೆಬ್ ವಿಳಾಸದಿಂದ ಪಾವತಿ ಬಂದರೆ ಗೇಟ್‌ವೇಗೆ ಅದು ಬೇರೆಯವರ ಹಣ ಸಾಗಿಸುತ್ತಿರುವಂತೆಯೇ ಕಾಣುತ್ತದೆ, ಖಾತೆ ಹೋಲ್ಡ್ ಆಗುತ್ತದೆ, ಅಂದರೆ ಸೆಟಲ್‌ಮೆಂಟ್ ನಿಲ್ಲುತ್ತದೆ.

ಕೋಡ್‌ನಲ್ಲಿ ಹಣ ಕಳೆಯುವ ಜಾಗಗಳು

ಮೆಟ್ರೋದಲ್ಲಿ ಕೂತು ಫೋನ್‌ಪೇನಲ್ಲಿ ಕಟ್ಟಿದವರು ನಿಮ್ಮ ಪುಟಕ್ಕೆ ವಾಪಸ್ ಬಂದೇ ಬರುತ್ತಾರೆಂಬ ಖಾತ್ರಿ ಇಲ್ಲ. ಸುರಂಗದಲ್ಲಿ ಸಿಗ್ನಲ್ ಹೋದರೆ ಬ್ರೌಸರ್ ಅಲ್ಲೇ ಸಾಯುತ್ತದೆ, ಹಣ ಮಾತ್ರ ಕಡಿತವಾಗಿರುತ್ತದೆ. ಆದ್ದರಿಂದ ಆರ್ಡರ್ ಖಚಿತಪಡಿಸಬೇಕಾದದ್ದು ವೆಬ್‌ಹುಕ್ (ಪಾವತಿಯ ಸ್ಥಿತಿಯನ್ನು ಗೇಟ್‌ವೇ ನೇರವಾಗಿ ನಿಮ್ಮ ಸರ್ವರ್‌ಗೆ ಕಳಿಸುವ ಸಂದೇಶ), ಬ್ರೌಸರ್ ಅಲ್ಲ.

ವೆಬ್‌ಹುಕ್ ಸಹಿ (ಸಂದೇಶ ಗೇಟ್‌ವೇ ಕಳಿಸಿದ್ದೇ ಎಂದು ತೋರಿಸುವ ಗುರುತು) ತಾಳೆಯಾಗುತ್ತಿಲ್ಲ ಎಂಬ ಗೋಳಿಗೆ ಹೆಚ್ಚಿನ ಸಲ ಕಾರಣ ಒಂದೇ. ಎಕ್ಸ್‌ಪ್ರೆಸ್‌ನಂಥ ಫ್ರೇಮ್‌ವರ್ಕ್ ಬಂದ ಪಠ್ಯವನ್ನು ಮೊದಲೇ ಜೇಸನ್ ಆಗಿ ಬಿಡಿಸಿರುತ್ತದೆ, ನೀವು ಅದನ್ನು ಮತ್ತೆ ಸ್ಟ್ರಿಂಗ್ ಮಾಡಿ ಎಚ್‌ಮ್ಯಾಕ್ (ಸೀಕ್ರೆಟ್ ಬಳಸಿ ಆ ಸಹಿ ತೆಗೆಯುವ ವಿಧಾನ) ಲೆಕ್ಕ ಹಾಕುತ್ತೀರಿ. ನಡುವೆ ಒಂದು ಸ್ಪೇಸ್ ಬದಲಾದರೂ ಸಹಿ ಬೇರೆ. ವೆಬ್‌ಹುಕ್ ಬರುವ ಆ ಒಂದು ರೂಟ್‌ಗೆ ಮಾತ್ರ ಕಚ್ಚಾ ಬಾಡಿಯನ್ನೇ, ಅಂದರೆ ಬಂದ ಪಠ್ಯವನ್ನು ಬಂದ ಹಾಗೆಯೇ, ತೆಗೆದುಕೊಳ್ಳಿ. ವೆಬ್‌ಹುಕ್‌ನ ಸೀಕ್ರೆಟ್, ಎಪಿಐ ಕೀಯ ಸೀಕ್ರೆಟ್ ಬೇರೆ ಬೇರೆ ಎಂಬುದೂ ನೆನಪಿರಲಿ.

ಒಂದೇ ವೆಬ್‌ಹುಕ್ ಎರಡು ಸಲ ಬರುತ್ತದೆ, ಹಿಂದುಮುಂದಾಗಿಯೂ ಬರುತ್ತದೆ. ಈವೆಂಟ್ ಐಡಿಗೆ ಡೇಟಾಬೇಸ್‌ನಲ್ಲಿ ಯುನೀಕ್ ಇಂಡೆಕ್ಸ್ (ಅದೇ ಐಡಿ ಎರಡನೇ ಸಲ ಸೇರದಂತೆ ತಡೆ) ಹಾಕಿ, ಮೊದಲು ಉಳಿಸಿ, ತಕ್ಷಣ 200 (ತಲುಪಿತು) ಎಂಬ ಉತ್ತರ ಕೊಡಿ. ಇಮೇಲ್ ಕಳಿಸುವುದು, ಪಿಡಿಎಫ್ ಮಾಡುವುದು ಆಮೇಲೆ. "ಫೇಲ್ಡ್" ಎಂದು ಬಂದ ಪಾವತಿ ಸ್ವಲ್ಪ ಹೊತ್ತಿನ ಮೇಲೆ ಯಶಸ್ವಿಯಾಗುವುದೂ ಉಂಟು. ಹಾಗಾಗಿ ಫೇಲ್ಡ್ ಅನ್ನು ಕೊನೆಯ ಸ್ಥಿತಿ ಎಂದು ಬರೆಯಬೇಡಿ. ಕಾರ್ಡ್ ಪಾವತಿ ಬರೀ ಆಥರೈಸ್ ಆಗಿ (ಬ್ಯಾಂಕ್ ಒಪ್ಪಿ) ಕ್ಯಾಪ್ಚರ್ ಆಗದಿದ್ದರೆ (ಹಣ ವಸೂಲಾಗದಿದ್ದರೆ) ಕೆಲವು ದಿನದಲ್ಲಿ ಗ್ರಾಹಕರಿಗೇ ವಾಪಸ್ ಹೋಗುತ್ತದೆ. ಆಟೋ ಕ್ಯಾಪ್ಚರ್ ಸೆಟ್ಟಿಂಗ್ ಇವತ್ತೇ ನೋಡಿ.

ಮೊತ್ತವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. ಜಾವಾಸ್ಕ್ರಿಪ್ಟ್‌ನಲ್ಲಿ 19.99 ಅನ್ನು 100ರಿಂದ ಗುಣಿಸಿದರೆ 1999 ಬರುವುದಿಲ್ಲ, 1998.9999999999998 ಬರುತ್ತದೆ.

ಲೆಕ್ಕ

ಗೇಟ್‌ವೇ ಶುಲ್ಕ ಶೇ 2 ಎಂದಿಟ್ಟುಕೊಳ್ಳಿ. 499 ರೂಪಾಯಿಗೆ ಶುಲ್ಕ 9.98, ಅದರ ಮೇಲೆ ಶೇ 18 ಜಿಎಸ್‌ಟಿ 1.80. ಕೈಗೆ ಬರುವುದು 487.22. ರೀಫಂಡ್ ಮಾಡಿದರೆ ಹೆಚ್ಚಿನ ಕಡೆ ಈ 11.78 ಮರಳಿ ಬರುವುದಿಲ್ಲ, ಅಷ್ಟು ಕೈಯಿಂದ ಹೋದಂತೆ. ಬ್ಯಾಂಕ್‌ಗೆ ಬರುವುದು ಹತ್ತಾರು ಪಾವತಿಗಳ ಒಟ್ಟು ಮೊತ್ತ. ಆದ್ದರಿಂದ ನಿಮ್ಮ ಆರ್ಡರ್ ಸಂಖ್ಯೆ, ಪೇಮೆಂಟ್ ಐಡಿ, ಮೊತ್ತ, ಶುಲ್ಕ, ತೆರಿಗೆ, ಸೆಟಲ್‌ಮೆಂಟ್ ಐಡಿ, ಬ್ಯಾಂಕ್‌ನ ಯುಟಿಆರ್ (ಹಣ ವರ್ಗಾವಣೆಯ ಗುರುತು ಸಂಖ್ಯೆ) ಇಷ್ಟನ್ನೂ ನಿಮ್ಮದೇ ಟೇಬಲ್‌ನಲ್ಲಿ ದಿನಾ ತುಂಬಿಸಿ. ಡ್ಯಾಶ್‌ಬೋರ್ಡ್‌ನಲ್ಲಿದೆಯಲ್ಲ ಎಂದು ಬಿಡಬೇಡಿ. ಖಾತೆ ಮುಚ್ಚಿದ ದಿನ ಡ್ಯಾಶ್‌ಬೋರ್ಡ್ ಕೂಡ ಮುಚ್ಚಿಹೋಗಬಹುದು.

ಚಂದಾ ಮಾದರಿಯಾದರೆ 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಒಟಿಪಿ ಬೇಡ, ಆದರೆ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಿರಲೇಬೇಕು. ಅವಧಿ ಮುಗಿಯುವ ದಿನವೇ ಕಡಿತಕ್ಕೆ ಹೊರಟರೆ ಸೇವೆ ಒಂದು ದಿನ ನಿಲ್ಲುತ್ತದೆ, ಮೂರು ದಿನ ಮೊದಲೇ ಶುರುಮಾಡಿ. ವಿದೇಶದ ಹಣಕ್ಕೆ ಪರ್ಪಸ್ ಕೋಡ್ (ಹಣ ಯಾವುದಕ್ಕೆ ಬಂತೆಂದು ತಿಳಿಸುವ ಸಂಕೇತ) ಸರಿಯಾಗಿ ಹಾಕಿಸಿ. ಜಿಎಸ್‌ಟಿ ಇದ್ದವರು ಪ್ರತಿ ಹಣಕಾಸು ವರ್ಷ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಬರೆದುಕೊಡುವ ಮುಚ್ಚಳಿಕೆ) ಸಲ್ಲಿಸಿ. ಪೇಪ್ಯಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ, ಹೊರದೇಶದ ಗ್ರಾಹಕರಿಗೆ ಮಾತ್ರ ಅದು.

ಹೋಲ್ಡ್ ಆದ ದಿನ

ದಿನಕ್ಕೆ ಹತ್ತು ಪಾವತಿ ಇದ್ದದ್ದು ಹಬ್ಬದ ಆಫರ್‌ಗೆ ಮುನ್ನೂರಾದರೆ ಹೋಲ್ಡ್ ಬೀಳುವ ಸಂಭವ ಹೆಚ್ಚು. ಆಫರ್‌ಗೆ ಮೊದಲೇ ಸಪೋರ್ಟ್‌ಗೆ ಒಂದು ಟಿಕೆಟ್ ಹಾಕಿ: ಯಾವ ದಿನ, ಯಾವ ಬೆಲೆ, ಎಷ್ಟು ಪಾವತಿ ನಿರೀಕ್ಷೆ. ಆದರೂ ಹೋಲ್ಡ್ ಬಂದರೆ ಸಿಟ್ಟಿನ ಮೇಲ್ ಬರೆಯಬೇಡಿ. ಅವರು ಕೇಳಿದ ವಹಿವಾಟುಗಳಿಗೆ ತಲಾ ಒಂದು ಪುಟದ ಪಿಡಿಎಫ್ ಮಾಡಿ: ಇನ್‌ವಾಯ್ಸ್, ಗ್ರಾಹಕರ ಇಮೇಲ್, ಲೈಸೆನ್ಸ್ ಕೀ ಕಳಿಸಿದ ಸಮಯ, ಮೊದಲ ಲಾಗಿನ್ ಆದ ಸಮಯ ಮತ್ತು ಐಪಿ. ಫೈಲ್ ಹೆಸರೇ ಪೇಮೆಂಟ್ ಐಡಿ ಆಗಿರಲಿ. ಉತ್ತರ ಬಾರದಿದ್ದರೆ ಅದೇ ಟಿಕೆಟ್ ಸಂಖ್ಯೆ ಹಿಡಿದು ನೋಡಲ್ ಅಧಿಕಾರಿಗೆ (ದೂರು ನೋಡಿಕೊಳ್ಳುವವರು) ಬರೆಯಿರಿ, ಅವರ ವಿವರ ಅಗ್ರಿಗೇಟರ್ ತನ್ನ ಸೈಟ್‌ನಲ್ಲಿ ಕೊಟ್ಟಿರಲೇಬೇಕು. ಗ್ರಾಹಕರು ತಮ್ಮ ಬ್ಯಾಂಕ್ ಮೂಲಕ ಹಣ ವಾಪಸ್ ಕೇಳುವ ಚಾರ್ಜ್‌ಬ್ಯಾಕ್‌ಗೂ ಇದೇ ಪುಟ ಸಾಕ್ಷಿ. ಉತ್ತರ ಕೊಡುವ ಗಡುವು ತಪ್ಪಿದರೆ ಮಾತ್ರ ಸಾಕ್ಷಿ ಇದ್ದೂ ಸೋಲುತ್ತೀರಿ.

"ಹಣ ಹೋಯಿತು, ಆರ್ಡರ್ ಆಗಿಲ್ಲ" ಎಂದು ಗ್ರಾಹಕರು ಫೋನ್ ಮಾಡಿದರೆ ಮೊದಲು ಪೇಮೆಂಟ್ ಸ್ಥಿತಿಯನ್ನು ಎಪಿಐನಲ್ಲಿ ಕೇಳಿ ನೋಡಿ. ನಿಮ್ಮ ಕಡೆಗೆ ಬಂದೇ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕ್‌ನ 2019ರ ಆದೇಶದಂತೆ ವಹಿವಾಟಿನ ದಿನದಿಂದ 5 ದಿನದೊಳಗೆ ಅದು ತಾನಾಗಿ ಮರಳಬೇಕು; ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವಿದೆ. ಇದನ್ನು ಅವರಿಗೆ ಸಮಾಧಾನವಾಗಿ ತಿಳಿಸಿ. ಗಾಬರಿಯಾಗಿ ನೀವೇ ರೀಫಂಡ್ ಮಾಡಿದರೆ ಎರಡೆರಡು ಸಲ ಕೊಟ್ಟಂತಾದೀತು.

ಎರಡನೇ ಗೇಟ್‌ವೇ ಒಂದನ್ನು ಅಪ್ರೂವ್ ಮಾಡಿಸಿಟ್ಟು, ತಿಂಗಳಿಗೊಮ್ಮೆ 1 ರೂಪಾಯಿ ಕಟ್ಟಿ ನೋಡುತ್ತಿರಿ. ಒಂದೇ ಸಲದ ಪಾವತಿಗಳನ್ನು ಅತ್ತ ತಿರುಗಿಸಲು ಒಂದು ಸೆಟ್ಟಿಂಗ್ ಸಾಕು. ಚಂದಾದಾರರ ಮ್ಯಾಂಡೇಟ್ (ಕಂತು ತಾನಾಗಿ ಕಡಿತವಾಗಲು ಕೊಟ್ಟ ಒಪ್ಪಿಗೆ) ಮಾತ್ರ ಹಾಗೆ ಸುಲಭವಾಗಿ ಸಾಗುವುದಿಲ್ಲ, ಸಾಮಾನ್ಯವಾಗಿ ಒಬ್ಬೊಬ್ಬರೂ ಮತ್ತೆ ಒಪ್ಪಿಗೆ ಕೊಡಬೇಕಾಗುತ್ತದೆ. ಅದಕ್ಕೆ ಬೇಕಾದ ಇಮೇಲ್ ಮತ್ತು ಲಿಂಕ್ ಪುಟವನ್ನು ಈಗಲೇ ಬರೆದಿಟ್ಟುಕೊಳ್ಳಿ.