ಹಳೇ ಬ್ರೇಸ್‌ಲೆಟ್‌ನಲ್ಲಿ ಸಿಕ್ಕ 1863ರ ಚಿನ್ನದ ಡಾಲರ್: ನನ್ನ ಅನುಭವ

"ಒಡವೆಗೆ ಹಾಕಿದ ನಾಣ್ಯಕ್ಕೆ ಕರಗಿಸುವ ಬೆಲೆ ಅಷ್ಟೇ" ಅಂತ ಇಲ್ಲಿ ಪೆನ್ಸಿಲ್ವೇನಿಯಾದ ನಾಣ್ಯದ ಗೆಳೆಯರು ನಗುತ್ತಿದ್ದರು. ಈಗ ಅವರೇ ಎಸ್ಟೇಟ್ ಸೇಲ್‌ಗಳಲ್ಲಿ (ತೀರಿಹೋದವರ ಮನೆ ಸಾಮಾನು ಮಾರುವ ಕಡೆ) ಒಡವೆ ಪೆಟ್ಟಿಗೆ ತಡಕಾಡುತ್ತಿದ್ದಾರೆ.

ನನ್ನ ಹುಚ್ಚು ಅಮೆರಿಕದ ಟೈಪ್ 3 ಚಿನ್ನದ ಡಾಲರ್, ಅಂದರೆ ಮೂರನೇ ವಿನ್ಯಾಸದ ಒಂದು ಡಾಲರ್ ನಾಣ್ಯ. ಅದರಲ್ಲೂ ಅಂತರ್ಯುದ್ಧದ ಕಾಲದ್ದು. 1862ರಲ್ಲಿ 13 ಲಕ್ಷಕ್ಕೂ ಜಾಸ್ತಿ ಟಂಕಿಸಿದರು. ಮರುವರ್ಷ 6,200ರ ಆಸುಪಾಸು. 1865ರಲ್ಲಿ ಬರೀ 3,700. ಕಾಗದದ ನೋಟು ಬಂದಿತ್ತು, ಚಿನ್ನ ಚಲಾವಣೆಯಿಂದಲೇ ಮಾಯವಾಗಿತ್ತು. ಆದರೆ ಜನ ಸಂಖ್ಯೆ ನೋಡಿ 1880ರದಕ್ಕೆ ಮುಗಿಬೀಳುತ್ತಾರೆ. ಅದು 1,600 ನಿಜ, ಆದರೆ ಆಗಲೇ ಕೂಡಿಟ್ಟವರಿದ್ದರು, ಹಾಗಾಗಿ ಹೊಸದರಂಥವೇ ಉಳಿದಿವೆ. 1865ರದನ್ನು ಯಾರು ಕೂಡಿಟ್ಟರು ಹೇಳಿ?

ಮೊದಲೆಲ್ಲ ಹರಾಜಿಗೆ ಹೋಗುತ್ತಿದ್ದೆ. ಕೂಗಿದ ಬೆಲೆ ಮೇಲೆ ಶೇಕಡಾ 20ರಷ್ಟು ಕಮಿಷನ್, ಅದರ ಮೇಲೆ ಅಂಚೆ, ವಿಮೆ. 1863 ಬಂದಾಗಲೆಲ್ಲ ಬೆಲೆ ನನ್ನ ಜೇಬು ದಾಟಿ ಹೋಗುತ್ತಿತ್ತು. ಹಾಗಾಗಿ ಒಡವೆಗಳ ಕಡೆ ತಿರುಗಿದೆ.

ಈ ನಾಣ್ಯದ ಇಸವಿ ಇರುವುದು ಹಿಂಬದಿ, ಹಾರದ ಒಳಗೆ. ಒಡವೆಯಲ್ಲಿ ಮುಖ ಹೊರಗೆ, ಇಸವಿ ಮೈಗೆ ತಾಗಿಕೊಂಡು ಒಳಗೆ. ಒಡವೆ ಮಾರುವವರು ತೂಕ ನೋಡುತ್ತಾರೆ, ತಿರುಗಿಸಿ ನೋಡುವುದು ಕಡಿಮೆ. ಬೆಸುಗೆ ಇಸವಿಯ ಮೇಲೇ ಕೂತಿದ್ದರೆ ನಾನು ಮುಟ್ಟುವುದಿಲ್ಲ. ಹಿಂಬದಿ ಉಜ್ಜಿ ಪ್ರೇಯಸಿಯ ಹೆಸರಿನ ಅಕ್ಷರ ಕೆತ್ತಿಸಿದ್ದರೆ ಅದೂ ಬೇಡ.

ನಡುವೆ ಅಸಲಿಯೋ ನಕಲಿಯೋ ತಿಳಿಯಲು ನೀರಲ್ಲಿ ತೂಗುವ ಪ್ರಯೋಗವನ್ನೂ ಮಾಡಿದೆ. ನಾಣ್ಯದ ತೂಕ 1.67 ಗ್ರಾಂ, ಸಾಂದ್ರತೆ 17 ದಾಟಬೇಕು. ಅಂದರೆ ನೀರಲ್ಲಿ ಕಮ್ಮಿಯಾಗುವ ತೂಕ 0.1 ಗ್ರಾಂ ಅಷ್ಟೇ! 0.01ರ ತಕ್ಕಡಿಯಲ್ಲಿ ಒಂದೇ ನಾಣ್ಯ ಒಮ್ಮೆ 15, ಇನ್ನೊಮ್ಮೆ 18 ತೋರಿಸಿತು. 0.001ರ ತಕ್ಕಡಿಗೆ ಮತ್ತೆ 60–70 ಡಾಲರ್ ಹೋಯಿತು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಗುಳ್ಳೆ ಅಂಟುವುದಿಲ್ಲ. ಇಷ್ಟೆಲ್ಲ ಮಾಡಿದರೂ ಸಿಕ್ಕಿಬೀಳುವುದು ಚಿನ್ನದ ಲೇಪ ಹಾಕಿದ ಮಾಲು ಮಾತ್ರ. ಒಳ್ಳೆ ನಕಲಿಗಳು ಅಸಲಿ ಚಿನ್ನದಲ್ಲೇ ಇರುತ್ತವೆ, ಅಲ್ವಾ?

ಕೊನೆಗೆ ಗಿಟ್ಟಿದ್ದು ಐದು ನಾಣ್ಯದ ಬ್ರೇಸ್‌ಲೆಟ್. ಸುಮಾರು 900 ಡಾಲರ್, ಆಗಿನ ಚಿನ್ನದ ಬೆಲೆಗಿಂತ ಸ್ವಲ್ಪ ಮೇಲೆ. ನಾಲ್ಕು 1850ರ ದಶಕದವು, ಎಲ್ಲೆಡೆ ಸಿಗುವಂಥವು. ಐದನೆಯದು 1863! ಮೇಲ್ತುದಿಯಲ್ಲಿ ಅಂಚಿನ ಗೀರುಗಳನ್ನು ಅರ ಹಾಕಿ ಉಜ್ಜಿದ್ದರು, ಅಲ್ಲಿ ಬೆಸುಗೆಯ ಮಸಕು ಬಣ್ಣ. ನಾಣ್ಯದ ಅಸಲಿತನ, ಸ್ಥಿತಿ ನೋಡಿ ದರ್ಜೆ ಕೊಡುವ ಗ್ರೇಡಿಂಗ್‌ಗೆ ಕಳಿಸಿದೆ. ಅಸಲಿ, ಆದರೆ ಒಡವೆಗೆ ಬಳಸಿದ್ದು ಅಂತ ಡೀಟೇಲ್ಸ್ ಗ್ರೇಡ್ (ಹಾನಿಯಾದ ನಾಣ್ಯಕ್ಕೆ ಕೊಡುವ ದರ್ಜೆ) ಕೊಟ್ಟರು. ಆದರೇನು, ಒಬ್ಬ ವ್ಯಾಪಾರಿ ಅದೊಂದಕ್ಕೇ 1,400 ಕೊಡಲು ಬಂದ. ನಾನು ಕೊಡಲಿಲ್ಲ.

ಬೆಸುಗೆ ಬಿಡಿಸಿದ್ದು ಹೇಗೆ ಅಂತ ಕೇಳಬೇಡಿ. ಆಸಿಡ್ ಅಲ್ಲ, ಬೆಂಕಿಯೂ ಅಲ್ಲ. ಈಚೆಗೆ ಒಂದು ಟೈಪಿನ್‌ನಲ್ಲಿ 1864 ಸಿಕ್ಕಿತು, 180 ಡಾಲರ್‌ಗೆ. ಆ ಅಂಗಡಿ ಯಾವ ಊರಲ್ಲಿದೆ ಅನ್ನುವುದನ್ನು 1865 ಕೈಗೆ ಬಂದ ಮೇಲೆ ಹೇಳುತ್ತೇನೆ.