ಸಿಗ್ನಲ್ ಬಂದಾಗ ಪ್ರೋಗ್ರಾಂ ಹ್ಯಾಂಗ್ ಆಗದಂತೆ ಬರೆಯುವುದು ಹೇಗೆ?

ಲಿನಕ್ಸ್‌ನಲ್ಲಿ ಒಂದು ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ನಿಲ್ಲಿಸಲು ಹೋಗುತ್ತೀರಿ, ನಿಲ್ಲುವುದಿಲ್ಲ. ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್ ಕಳಿಸುತ್ತದೆ. ತುಂಬಾ ಜನ ಇಲ್ಲಿ ಟೈಮ್‌ಔಟ್ ಕಡಿಮೆ ಮಾಡಿ ಸುಮ್ನಾಗುತ್ತಾರೆ. ಹಾಗೆ ಮಾಡಬೇಡಿ. ಮೊದಲು ಸಿಗ್ನಲ್ ಹ್ಯಾಂಡ್ಲರ್, ಅಂದರೆ ಸಿಗ್ನಲ್ (ಪ್ರೋಗ್ರಾಮಿಗೆ ಬರುವ ಸೂಚನೆ) ಬಂದಾಗ ಓಡುವ ಫಂಕ್ಷನ್ ತೆರೆದು ನೋಡಿ.

ಒಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಓಡುವ ಒಂದು ಎಳೆ) ಮ್ಯಾಲಾಕ್, ಅಂದರೆ ಮೆಮೊರಿ ಕೊಡುವ ಫಂಕ್ಷನ್ ಒಳಗೆ ಲಾಕ್ ಹಿಡಿದಿದೆ ಅಂದುಕೊಳ್ಳಿ. ಆಗಲೇ ನಿಲ್ಲು ಅಂತ ಹೇಳುವ ಸಿಗ್‌ಟರ್ಮ್ ಬಂತು. ಕರ್ನಲ್ ಆ ಥ್ರೆಡ್ಡನ್ನೇ ಅರ್ಧಕ್ಕೆ ತಡೆದು ಅದರಲ್ಲೇ ಹ್ಯಾಂಡ್ಲರ್ ಓಡಿಸಬಹುದು. ಹ್ಯಾಂಡ್ಲರ್ ಮತ್ತೆ ಮ್ಯಾಲಾಕ್ ಕರೆದರೆ ಅದೇ ಲಾಕಿಗೆ ಕಾಯುತ್ತಾ ಕೂರುತ್ತದೆ. ಲಾಕ್ ಬಿಡಬೇಕಾದ ಕೋಡ್ ಹ್ಯಾಂಡ್ಲರ್ ಮುಗಿಯಲಿ ಅಂತ ಕಾಯುತ್ತಿದೆ. ಅಲ್ಲಿಗೆ ಮುಗಿಯಿತು. ಪಠ್ಯ ಮುದ್ರಿಸುವ ಪ್ರಿಂಟ್‌ಎಫ್, ಲಾಗ್ ಬರೆಯುವ ಸಿಸ್‌ಲಾಗ್ ಒಳಗೂ ಇದೇ ಅಪಾಯವಿದೆ. 2024ರಲ್ಲಿ, ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಸರ್ವರಿನಲ್ಲಿ ಸಿಕ್ಕ ದೊಡ್ಡ ದೋಷಕ್ಕೂ ಸಿಗ್‌ಅಲಾರ್ಮ್ (ಟೈಮರ್ ಮುಗಿದಾಗ ಬರುವ ಸಿಗ್ನಲ್) ಹ್ಯಾಂಡ್ಲರಿನಿಂದ ಸಿಸ್‌ಲಾಗ್ ಕರೆದದ್ದೇ ಮೂಲ. ಅಲ್ಲಿ ಹ್ಯಾಂಗ್‌ಗಿಂತ ಕೆಟ್ಟದ್ದಾಗುತ್ತಿತ್ತು: ಹೊರಗಿನವರು ರೂಟ್, ಅಂದರೆ ಪೂರ್ಣ ಅಧಿಕಾರದ ಬಳಕೆದಾರ ಆಗಬಹುದಿತ್ತು.

ರಿಕರ್ಸಿವ್ ಮ್ಯೂಟೆಕ್ಸ್ (ಒಂದೇ ಥ್ರೆಡ್ ಮತ್ತೆ ಮತ್ತೆ ಹಿಡಿಯಬಹುದಾದ ಲಾಕ್) ಹಾಕಿದರೆ ಸರಿಹೋಗುತ್ತೆ ಅನ್ನುವವರ ಮಾತು ಕೇಳಬೇಡಿ. ಅರ್ಧ ಬದಲಾದ ಡೇಟಾ ಅರ್ಧದಲ್ಲೇ ಇರುತ್ತದೆ. ಮ್ಯಾಲಾಕ್‌ನ ಲಾಕ್ ಅಂತೂ ನಿಮ್ಮ ಕೈಯಲ್ಲೇ ಇಲ್ಲ.

ನನ್ನ ಪ್ರಕಾರ ಹ್ಯಾಂಡ್ಲರ್ ಬರೆಯಲೇಬಾರದು. ಮೇನ್ ಶುರುವಾದ ಕೂಡಲೇ ಸಿಗ್‌ಟರ್ಮ್, ಸಿಗ್‌ಇಂಟ್ (ಕಂಟ್ರೋಲ್-ಸಿ ಒತ್ತಿದಾಗ ಬರುವುದು), ಸಿಗ್‌ಹಪ್ (ಟರ್ಮಿನಲ್ ಮುಚ್ಚಿದಾಗ ಬರುವುದು) ಮೂರನ್ನೂ ಪಿಥ್ರೆಡ್_ಸಿಗ್‌ಮಾಸ್ಕ್‌ನಿಂದ ಬ್ಲಾಕ್ ಮಾಡಿ. ಎಲ್ಲರೂ ಎಡವುವುದು ಇಲ್ಲೇ. ಹೊಸ ಥ್ರೆಡ್ಡಿಗೆ ಅದನ್ನು ಹುಟ್ಟಿಸಿದ ಥ್ರೆಡ್ಡಿನ ಮಾಸ್ಕ್ (ಬ್ಲಾಕ್ ಆದ ಸಿಗ್ನಲ್‌ಗಳ ಪಟ್ಟಿ) ಬರುತ್ತದೆ, ಆದ್ದರಿಂದ ಒಂದೂ ಥ್ರೆಡ್ ಹುಟ್ಟುವ ಮೊದಲೇ ಈ ಕೆಲಸ ಆಗಬೇಕು. ಲಾಗಿಂಗ್ ಲೈಬ್ರರಿ ಶುರುಮಾಡಿ ಆಮೇಲೆ ಬ್ಲಾಕ್ ಮಾಡುವ ಕೋಡ್ ಎಷ್ಟೋ ನೋಡಿದ್ದೇನೆ. ಆ ಲೈಬ್ರರಿ ಒಳಗೊಳಗೇ ಥ್ರೆಡ್ ಹುಟ್ಟಿಸಿದ್ದರೆ ಸಿಗ್ನಲ್ ಅದಕ್ಕೆ ಹೋಗುತ್ತದೆ, ಇಡೀ ಪ್ರೋಗ್ರಾಂ ಅಲ್ಲೇ ಸಾಯುತ್ತದೆ.

ಲಿನಕ್ಸ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಪ್ರಾಕ್ ಫೋಲ್ಡರಿನಲ್ಲಿ ನಿಮ್ಮ ಪ್ರೋಗ್ರಾಮಿನ ಪಿಐಡಿ (ಗುರುತಿನ ಸಂಖ್ಯೆ), ಅದರೊಳಗೆ ಟಾಸ್ಕ್, ಅಲ್ಲಿ ಪ್ರತಿ ಥ್ರೆಡ್ಡಿನ ಸ್ಟೇಟಸ್ ಫೈಲ್. ಅದರ ಸಿಗ್‌ಬ್ಲಾಕ್ ಸಾಲಿನ ಕೊನೆಗೆ 4003 ಇರಬೇಕು, ಅದು ಈ ಮೂರು ಸಿಗ್ನಲ್‌ಗಳ ಗುರುತು. ಸಿಗ್‌ವೇಟ್‌ನಲ್ಲಿ (ಸಿಗ್ನಲ್ ಬರುವವರೆಗೆ ಕಾಯುವ ಫಂಕ್ಷನ್) ಕಾಯುತ್ತಿರುವ ಥ್ರೆಡ್ಡಿಗೆ ಮಾತ್ರ ಅದು ಇರುವುದಿಲ್ಲ, ಗಾಬರಿ ಬೇಡ.

ಆಮೇಲಿನದು ಸುಲಭ. ಒಂದೇ ಥ್ರೆಡ್ ಲೂಪಿನಲ್ಲಿ ಸಿಗ್‌ವೇಟ್ ಕರೆಯಲಿ. ಅದು ಮಾಮೂಲಿ ಥ್ರೆಡ್, ಅಲ್ವಾ? ಲಾಕ್, ಮ್ಯಾಲಾಕ್, ಪ್ರಿಂಟ್‌ಎಫ್ ಏನು ಬೇಕಾದರೂ ಬಳಸಬಹುದು. ತಪ್ಪು ಮೆಮೊರಿ ಮುಟ್ಟಿದಾಗ ಬರುವ ಸಿಗ್‌ಸೆಗ್‌ವಿಯನ್ನು ಮಾತ್ರ ಬ್ಲಾಕ್ ಮಾಡುವ ಸಿಗ್ನಲ್‌ಗಳ ಪಟ್ಟಿಗೆ ಸೇರಿಸಬೇಡಿ.

ಫೋರ್ಕ್ ಮಾಡಿ (ಪ್ರೋಗ್ರಾಮಿನ ನಕಲು, ಅಂದರೆ ಚೈಲ್ಡ್ ಹುಟ್ಟಿಸಿ) ಅದರಲ್ಲಿ ಎಕ್ಸೆಕ್ ಮೂಲಕ ಬೇರೆ ಪ್ರೋಗ್ರಾಂ ಓಡಿಸುತ್ತೀರಾ? ಎಕ್ಸೆಕ್ ಆದಮೇಲೂ ಮಾಸ್ಕ್ ಹಾಗೇ ಉಳಿಯುತ್ತದೆ. ಚೈಲ್ಡ್‌ನಲ್ಲಿ ಎಕ್ಸೆಕ್‌ಗೆ ಮೊದಲು ಬ್ಲಾಕ್ ತೆಗೆಯಿರಿ, ಇಲ್ಲದಿದ್ದರೆ ಕಂಟ್ರೋಲ್-ಸಿ ಒತ್ತಿದರೂ ಅದು ನಿಲ್ಲುವುದಿಲ್ಲ.