ಲೊಕೇಶನ್ ಮುಚ್ಚಿಟ್ಟುಕೊಂಡೇ ಫೋನ್ ಬಳಸುವುದು: ನನ್ನ ಅನುಭವ

“ಲೊಕೇಸನ್ ಕೈಗೆ ಸಿಗದಂಗೆ ಮಾಡುದ್ರೆ ಫೋನು ಡಬ್ಬ ಆಯ್ತದೆ ಕಣಣ್ಣ” ಅಂತ ಮಂಡ್ಯದ ನಮ್ಮ ರಿಪೇರಿ ಹುಡುಗರು ನಗುತ್ತಿದ್ದರು. ಹತ್ತಿರ ಹತ್ತಿರ ಒಂದು ವರ್ಷವಾಯಿತು. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಪೇಮೆಂಟೂ ಆಗುತ್ತಿದೆ, ದಾರಿಯೂ ಸಿಗುತ್ತಿದೆ.

ಮೊದಲು ದುಡ್ಡು ತಿಂದಿದ್ದು ವಿಪಿಎನ್, ಅಂದ್ರೆ ನಮ್ಮ ಇಂಟರ್‌ನೆಟ್ಟನ್ನು ಬೇರೆ ಊರಿನ ಸರ್ವರ್ ಮೂಲಕ ತಿರುಗಿಸೋ ಆಪ್. ಎರಡು ಸಾವಿರದ ಆಸುಪಾಸು ಕೊಟ್ಟು ವರ್ಷದ ಪ್ಲಾನ್ ಹಾಕಿಸಿದೆ. ಇಂಟರ್‌ನೆಟ್ ಲೆಕ್ಕದಲ್ಲಿ ನಾನು ಸಿಂಗಾಪುರದಲ್ಲಿದ್ದೆ. ಹವಾಮಾನದ ಆಪ್ ಮಾತ್ರ ಮಂಡ್ಯದ ಗುತ್ತಲಿನ ಮಳೆಯನ್ನೇ ತೋರಿಸುತ್ತಿತ್ತು! ವಿಪಿಎನ್ ಬದಲಿಸುವುದು ಇಂಟರ್‌ನೆಟ್ಟಿನಲ್ಲಿ ಕಾಣೋ ಐಪಿ ವಿಳಾಸ, ಉಪಗ್ರಹ ನೋಡಿ ಜಾಗ ಹೇಳೋ ಜಿಪಿಎಸ್ ಅಲ್ಲ. ಆಮೇಲೆ ಡೆವಲಪರ್ ಆಪ್ಷನ್ಸ್‌ನಲ್ಲಿ ಮಾಕ್ ಲೊಕೇಶನ್ (ಸುಳ್ಳು ಜಾಗ) ಹಾಕಿ ಮೇಲುಕೋಟೆ ಬೆಟ್ಟದ ಮೇಲೆ ಕೂತೆ. ಒಂದು ಬ್ಯಾಂಕಿನ ಆಪ್ ತೆರೆಯಲೇ ಇಲ್ಲ. ತೆಗೆದು ಬಿಸಾಕಿದೆ.

ಕೆಲಸ ಮಾಡಿದ್ದು ಬಿಟ್ಟಿ ಸೆಟ್ಟಿಂಗ್‌ಗಳೇ. ವೈಫೈ ಆಫ್ ಇದ್ದರೂ ‘ವೈಫೈ ಸ್ಕ್ಯಾನಿಂಗ್’ ಬೇರೆಯಾಗಿ ಆನ್ ಇರುತ್ತೆ. ಅಕ್ಕಪಕ್ಕದ ಮನೆಗಳ ರೂಟರ್ ನೋಡಿಯೇ ನೀವೆಲ್ಲಿದ್ದೀರಿ ಅಂತ ಹೇಳಿಬಿಡುತ್ತೆ. ಅದನ್ನೂ ಬ್ಲೂಟೂತ್ ಸ್ಕ್ಯಾನಿಂಗನ್ನೂ ಆಫ್ ಮಾಡಿದೆ. ಪರ್ಮಿಷನ್ ಮ್ಯಾನೇಜರ್ ತೆರೆದರೆ ಇಪ್ಪತ್ತೈದು ಆಪ್‌ಗಳಾದರೂ ಲೊಕೇಶನ್ ಹಿಡಿದು ಕೂತಿದ್ದವು, ಟಾರ್ಚ್ ಆಪ್ ಕೂಡ. ನಾಲ್ಕೈದು ಉಳಿಸಿದೆ, ಅವೂ ತೆರೆದಾಗ ಮಾತ್ರ. ಆಂಡ್ರಾಯ್ಡ್ 12ರಿಂದ ‘ಪ್ರಿಸೈಸ್’ (ನಿಖರ ಜಾಗ) ತೆಗೆಯಬಹುದಲ್ವಾ, ತೆಗೆದರೆ ಆಪ್‌ಗೆ ಸಿಗುವುದು ಸುಮಾರು 3 ಚದರ ಕಿ.ಮೀ. ಅಂದಾಜು. ಮಳೆ ಬರುತ್ತಾ ಅಂತ ಹೇಳೋಕೆ ಅಷ್ಟು ಜಾಸ್ತೀನೇ ಆಯ್ತು.

ದಾರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನೋ ಆಪ್. ಕರ್ನಾಟಕದ ಮ್ಯಾಪ್ ಒಂದ್ಸಲ ಇಳಿಸಿಕೊಂಡರೆ ನೆಟ್ ಬೇಡ. ಜಿಪಿಎಸ್ ಉಪಗ್ರಹದ ಸಿಗ್ನಲ್ ಕೇಳಿಸಿಕೊಳ್ಳುತ್ತೆ ಅಷ್ಟೇ, ಯಾರಿಗೂ ಏನನ್ನೂ ಕಳಿಸಲ್ಲ. ಸ್ಕ್ಯಾನಿಂಗ್ ಇಲ್ಲದ್ದಕ್ಕೆ ನೀಲಿ ಚುಕ್ಕಿ ಏಳೋಕೆ ಒಂದೆರಡು ನಿಮಿಷ ತಗೊಳ್ಳುತ್ತೆ. ಮೈಸೂರಿಗೆ ಹೊರಟಾಗ ಗಾಡಿ ಸ್ಟಾರ್ಟ್ ಮಾಡೋ ಮೊದಲೇ ತೆರೆದಿಡುತ್ತೇನೆ. ಸಣ್ಣ ಅಂಗಡಿಗಳು ಸಿಗಲ್ಲ, ಕೇಳಿಕೊಂಡು ಹೋಗಬೇಕು.

ಸುಮ್ನೆ ಮಾಡಿದ ಒಂದು ಪ್ರಯೋಗ: ಸಿಗ್ನಲ್ ನಿಲ್ಲುತ್ತಾ ನೋಡೋಣ ಅಂತ ಫೋನನ್ನು ಸ್ಟೀಲ್ ಟಿಫಿನ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ಕಾಲ್ ಮಾಡಿದೆ. ಡಬ್ಬಿಯೊಳಗಿಂದ ಜೋರಾಗಿ ರಿಂಗಾಯಿತು! ಇನ್ನೊಂದು ಫೋಟೊದ್ದು. ಲೊಕೇಶನ್ ಟ್ಯಾಗ್ ಇದ್ದ ಫೋಟೊ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಹೋದರೆ ಜಾಗದ ಗುರುತು ಅಳಿಯುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮನೆ ಬಾಗಿಲೇ ಸಿಗುತ್ತೆ.

ಟವರ್‌ಗೆ ಮಾತ್ರ ಮದ್ದಿಲ್ಲ. ಸಿಮ್ ನೆಟ್‌ವರ್ಕ್ ಹಿಡಿದಿರೋವರೆಗೂ ನೀವೆಲ್ಲಿದ್ದೀರಿ ಅಂತ ಸಿಮ್ ಕಂಪನಿಗೆ ಗೊತ್ತೇ ಇರುತ್ತೆ.

ಆಟೊ ಬುಕ್ ಮಾಡುವಾಗ ಏನು ಮಾಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಆ ಗುಟ್ಟು ಹೇಳಿಕೊಡೋದಕ್ಕೇ ಗಿರಾಕಿಗಳು ನನಗೆ ನೂರೈವತ್ತು ರೂಪಾಯಿ ಕೊಡೋದು. ನಕ್ಕ ಹುಡುಗರಲ್ಲಿ ಇಬ್ಬರು ಆಗಲೇ ಕೊಟ್ಟಾಗಿದೆ.